ಖೋಬರಿನ ಅಭ್ಯಾಸ, ಅಲೆಕ್ಸಾಂಡ್ರಿಯಾದ ಬಿಸಿಲು

ಸೌದಿಯಲ್ಲಿ ಏಳೆಂಟು ವರ್ಷ ದುಡಿದವನನ್ನು ಯಾವ ಊರಿಗೆ ಕರೆದುಕೊಂಡು ಹೋದರೂ ಅವನು ಅಲ್ಲೂ ಸೌದಿಯಲ್ಲೇ ಇರುತ್ತಾನೆ. ಬೇರೆಯವರ ಉದಾಹರಣೆ ಯಾಕೆ, ನಾನೇ ಇದ್ದೇನಲ್ಲ.

ತೊಂಬತ್ತರ ದಶಕದ ಮಾತು. ನಾನು ಅಲ್ ಖೋಬರಿನ ಒಂದು ಕಟ್ಟಡ ಕಂಪನಿಯಲ್ಲಿ ನಕ್ಷೆ ಬರೆಯುತ್ತಿದ್ದೆ. ಹೆಂಡತಿ ಅಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಇತಿಹಾಸದ ಟೀಚರ್. ರಜೆ ಎಂದರೆ ನಮಗೆ ಉಡುಪಿ, ಉಡುಪಿ ಎಂದರೆ ನೆಂಟರ ಮನೆಯ ಊಟ ಮತ್ತು ಹಂಚಿ ಮುಗಿಯದ ಸೆಂಟಿನ ಬಾಟಲಿಗಳು. ಒಂದು ವರ್ಷ ಅವಳು ಹಟ ಹಿಡಿದಳು.

"ಈ ಸಲ ಊರಿಗೆ ಬೇಡ. ನನಗೆ ಪಿರಮಿಡ್ ತೋರಿಸಿ. ಬೋರ್ಡಿನಲ್ಲಿ ತ್ರಿಕೋನ ಬರೆದು ಇದೇ ಪಿರಮಿಡ್ ಅಂತ ಪಾಠ ಮಾಡಿ ಸಾಕಾಯ್ತು ನಂಗೆ."

ಕೈರೋದಲ್ಲಿ ವಿಪರೀತ ಗಲಾಟೆ, ಸಮುದ್ರ ತೀರದ ಅಲೆಕ್ಸಾಂಡ್ರಿಯಾದಲ್ಲಿ ಎಂಟು ದಿನ ಬಿಡಾರ ಹೂಡಿ ಅಲ್ಲಿಂದಲೇ ಎಲ್ಲ ಕಡೆ ರೈಲಿನಲ್ಲಿ ಹೋಗಿಬರೋಣ ಎಂದು ನಾನು ಯೋಜನೆ ಹಾಕಿದೆ. ನಕ್ಷೆ ಬರೆಯುವವನಲ್ಲವೇ, ಕಾಗದದ ಮೇಲೆ ಬಹಳ ಚೆನ್ನಾಗಿತ್ತು.

ಯಾರು ಸತ್ತರು?

ರಜೆಯ ಅರ್ಜಿ ಹಿಡಿದು ನಮ್ಮ ಮುದೀರನ, ಅಂದರೆ ಮ್ಯಾನೇಜರನ, ಎದುರು ನಿಂತೆ. ಅವನಿಗೆ ತಲೆಬುಡ ಅರ್ಥವಾಗಲಿಲ್ಲ.

"ನಿನ್ನ ದೇಶ ಹಿಂದ್. ಈಜಿಪ್ಟಿನಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ."

"ಮತ್ತೆ? ಯಾರಾದರೂ ಸತ್ತರಾ?"

"ಸತ್ತಿದ್ದಾರೆ, ಬಹಳ ಹಿಂದೆ. ಹೆಂಡತಿಗೆ ಅವರ ಗೋರಿ ನೋಡಬೇಕಂತೆ."

ಅವನ ಮುಖ ಮೆತ್ತಗಾಯಿತು. ಕೂಡಲೇ ಸಹಿ ಹಾಕಿ, ಸೌದಿಯಲ್ಲಿರಲು ಪರವಾನಗಿಯಾದ ನನ್ನ ಇಕಾಮಾವನ್ನು ಕಪಾಟಿನಲ್ಲಿಟ್ಟುಕೊಂಡು, ಅದೇ ಕಪಾಟಿನಿಂದ ಪಾಸ್‌ಪೋರ್ಟ್ ತೆಗೆದುಕೊಟ್ಟ. ಬಾಗಿಲವರೆಗೂ ಬಂದು ಹೆಗಲು ತಟ್ಟಿ, "ನಿನ್ನ ಹೆಂಡತಿಗೆ ಧೈರ್ಯ ಹೇಳು" ಎಂದ.

ಬಿಸಿಲಿನ ಕೋಣೆ

ಅಲೆಕ್ಸಾಂಡ್ರಿಯಾದ ಹೋಟೆಲಿನ ಯಜಮಾನ ದಪ್ಪ ಮೀಸೆಯ, ನಗುಮುಖದ ಮನುಷ್ಯ. ಹಿಂದೆ ಜೆದ್ದಾದಲ್ಲಿ ಮೂರು ವರ್ಷ ದುಡಿದು ಬಂದವನಂತೆ. ಹೆಮ್ಮೆಯಿಂದ ಎದುರು ಬದಿಯ ಕೋಣೆ ತೆರೆದು ತೋರಿಸಿದ. "ಮುಂದೆಯೇ ಸಮುದ್ರ, ದಿನವಿಡೀ ಬಿಸಿಲು! ಯುರೋಪಿನವರು ಈ ಕೋಣೆಗೆ ಜಗಳಾಡುತ್ತಾರೆ."

ಐವತ್ತು ಡಿಗ್ರಿಯ ಊರಿನಿಂದ ಬಂದವನಿಗೆ ಬಿಸಿಲನ್ನು ಉಡುಗೊರೆಯಾಗಿ ಕೊಟ್ಟರೆ ಹೇಗಾಗಬೇಡ! "ನೆರಳಿನದ್ದು ಇದ್ದರೆ ಕೊಡಿ" ಎಂದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಿಂಬದಿಯ ಕೋಣೆಯ ಕೀಲಿ ಕೊಟ್ಟ.

ಬೆಳಿಗ್ಗೆ ಹೆಂಡತಿ ಕಿಟಕಿ ತೆರೆದಳು. "ಸಮುದ್ರ ಎಲ್ಲಿ ಮಾರಾಯ್ರೆ?"

"ಆಚೆ ಬದಿಗೆ."

"ಈಚೆ ಬದಿಗೆ ಎಂತ ಉಂಟು?"

ನಾನೂ ಬಗ್ಗಿ ನೋಡಿದೆ. "ಅಡುಗೆಮನೆ. ಈರುಳ್ಳಿ ಹುರಿಯುತ್ತಿದ್ದಾರೆ."

ಎಡಗಾಲಿನ ಶೂ

ಎರಡನೆಯ ದಿನ ಒಂದು ಅಂಗಡಿಯಲ್ಲಿ ಶೂ ನೋಡುತ್ತಿದ್ದೆ. ಎಡಗಾಲಿಗೆ ಹೊಸದು, ಬಲಗಾಲಿಗೆ ನನ್ನದೇ ಹಳೆಯದು. ಅಷ್ಟರಲ್ಲಿ ಮಸೀದಿಯಿಂದ ಆಜಾನ್ ಕೇಳಿಸಿತು. ಖೋಬರಿನಲ್ಲಿ ಆಜಾನ್ ಆದರೆ ಅಂಗಡಿಗಳೆಲ್ಲ ಬಾಗಿಲು ಹಾಕಬೇಕು. ತಡಮಾಡಿದರೆ ನಮಾಜು ಮುಗಿಯುವ ತನಕ ಒಳಗೇ ಬಂದಿ. "ಯಲ್ಲಾ, ಹೊರಗೆ!" ಎಂದು ಹೆಂಡತಿಯ ಕೈ ಹಿಡಿದೆಳೆದು ರಸ್ತೆಗೆ ಓಡಿದೆ.

ಹಿಂದೆಯೇ ಅಂಗಡಿಯವನೂ ಕೂಗುತ್ತಾ ಓಡಿಬಂದ. ನಾನು ಬಹಳ ವಿನಯದಿಂದ ಹೇಳಿದೆ: "ಅವಸರ ಇಲ್ಲ. ನೀವು ಬಾಗಿಲು ಹಾಕಿ ನಿಧಾನವಾಗಿ ನಮಾಜು ಮುಗಿಸಿ ಬನ್ನಿ. ನಾವು ಇಲ್ಲೇ ಕಾಯುತ್ತೇವೆ."

ಏದುಸಿರು ಬಿಡುತ್ತಾ ಅವನೆಂದ: "ಅಂಗಡಿ ಮುಚ್ಚುವುದಿಲ್ಲ. ನಿನಗೆ ಕಾಯಲೇಬೇಕು ಅಂತಿದ್ದರೆ ಎಡಗಾಲಿನದ್ದು ಬಿಚ್ಚಿಟ್ಟು ಕಾಯಿ!"

ಅನುಮತಿ ಪತ್ರ

ಐದು ದಿನ ಕಳೆದರೂ ಪಿರಮಿಡ್ಡಿನ ಸುದ್ದಿಯಿಲ್ಲ. ಪ್ರತಿ ಬೆಳಿಗ್ಗೆ ಹೆಂಡತಿ ನೀರಿನ ಬಾಟಲಿ ಸಮೇತ ಬ್ಯಾಗು ಹೆಗಲಿಗೇರಿಸಿ ನಿಲ್ಲುತ್ತಿದ್ದಳು. ಪ್ರತಿ ಬೆಳಿಗ್ಗೆ ನಾನೊಂದು ನೆಪ ಹುಡುಕುತ್ತಿದ್ದೆ. ಒಂದು ದಿನ ಸೊಂಟ ನೋವು, ಇನ್ನೊಂದು ದಿನ ರೈಲಿನಲ್ಲಿ ರಶ್ಶು. ಆರನೆಯ ದಿನ ಅವಳು ಬ್ಯಾಗನ್ನು ಮಂಚದ ಮೇಲೆ ಒಗೆದಳು.

"ನೋಡದೇ ವಾಪಸ್ ಹೋಗುವುದಾದರೆ ಎಂತಕ್ಕೆ ಬಂದದ್ದು ನಾವು?"

ಕಣ್ಣಲ್ಲಿ ನೀರಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಬಾಯಿಬಿಟ್ಟೆ: "ಖೋಬರಿನಿಂದ ರಿಯಾದಿಗೆ ಹೋಗಬೇಕಾದರೂ ಕಫೀಲನ ಸಹಿ, ಸೀಲು ಇರುವ ಪತ್ರ ಬೇಕಲ್ಲ ಮಾರಾಯ್ತಿ. ಇಲ್ಲಿಂದ ಕೈರೋಗೆ ಹೋಗಲು ನಮಗೆ ಪತ್ರ ಕೊಡುವವರು ಯಾರು? ದಾರಿಯಲ್ಲಿ ಪೊಲೀಸ್ ಹಿಡಿದರೆ?" ಕಫೀಲ್ ಎಂದರೆ ಸೌದಿಯಲ್ಲಿ ನಮ್ಮಂಥವರಿಗೆ ಜಾಮೀನು ನಿಂತ ಧಣಿ; ಅವನ ಒಪ್ಪಿಗೆಯಿಲ್ಲದೆ ಅಲ್ಲಿ ಊರು ದಾಟುವಂತಿಲ್ಲ.

ಅವಳು ನನ್ನ ಕೈಹಿಡಿದು ದರದರನೆ ಕೆಳಗೆ ಎಳೆದೊಯ್ದು ಹೋಟೆಲಿನ ಯಜಮಾನನ ಮುಂದೆ ನಿಲ್ಲಿಸಿದಳು. "ಇವರಿಗೆ ಒಂದು ಪತ್ರ ಬೇಕಂತೆ. ಕೊಡಿ."

ಇಲ್ಲಿ ಪತ್ರಗಿತ್ರ ಏನೂ ಬೇಡ ಎಂದು ಅವನು ಮೂರು ಸಲ ಹೇಳಿದ. ನಾನು ನಂಬಲಿಲ್ಲ. ಕೊನೆಗೆ ಕೇಳಿದ: "ಸರಿ, ಇಲ್ಲಿ ನಿನ್ನ ಕಫೀಲ್ ಯಾರು?"

ನಾನು ತಲೆ ಕೆರೆದುಕೊಂಡೆ. ಅವನು ನನ್ನ ಹೆಂಡತಿಯನ್ನೊಮ್ಮೆ ನೋಡಿದ. ನಂತರ ಗಂಭೀರವಾಗಿ ಕುಳಿತು, ಹೋಟೆಲಿನ ಕಾಗದದಲ್ಲಿ ಅರಬ್ಬಿಯಲ್ಲಿ ನಾಲ್ಕು ಸಾಲು ಬರೆದು, ದೊಡ್ಡ ಸೀಲು ಒತ್ತಿಕೊಟ್ಟ. ನನಗೆ ಅರಬ್ಬಿ ಮಾತಾಡಲು ಬರುತ್ತದೆ, ಓದಲು ಬಾರದು. ಆದರೆ ಸೀಲು ಕಂಡ ಮೇಲೆ ಆನೆಬಲ ಬಂತು.

ರೈಲಿನಲ್ಲಿ ಟಿಕೆಟ್ ಕೇಳಿದವನಿಗೆ ಟಿಕೆಟ್ಟಿಗಿಂತ ಮೊದಲು ಪತ್ರ ಕೊಟ್ಟೆ. ಓದಿ, ನನ್ನ ಹೆಂಡತಿಗೆ ಸಲಾಂ ಹೊಡೆದು ಹೋದ. ನೋಡಿದೆಯಾ ಪತ್ರದ ಮಹಿಮೆ, ಎಂದೆ.

ಕೊನೆಗೂ ಪಿರಮಿಡ್ ಕಂಡಿತು. ಅವಳು ಕತ್ತೆತ್ತಿ ನೋಡುತ್ತಾ ನಿಂತುಬಿಟ್ಟಳು. "ಇಷ್ಟು ದೊಡ್ಡದಾ!" ಎಂದಳು ಮೆಲ್ಲಗೆ. ಕರೆದುಕೊಂಡು ಬಂದದ್ದಕ್ಕೆ ನನಗೂ ಸಂತೋಷವಾಯಿತು. ಅಷ್ಟರಲ್ಲಿ ಒಬ್ಬ ಪೊಲೀಸಿನವ ಹತ್ತಿರ ಬರುವುದು ಕಂಡಿತು. ಅವನು ಏನೂ ಕೇಳದಿದ್ದರೂ ಪತ್ರ ಮುಂದೆ ಹಿಡಿದೆ. ಅವನು ಓದಿದ. ಗೆಳೆಯರನ್ನು ಕರೆದು ಅವರಿಗೂ ಓದಿಸಿದ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನು ಬರೆದಿದೆ?" ಎಂದೆ, ಗಾಬರಿಯಿಂದ.

ಅವನು ನಿಧಾನವಾಗಿ, ಒಂದೊಂದೇ ಸಾಲು ಬಿಡಿಸಿ ಹೇಳಿದ: "ಈ ಮನುಷ್ಯನ ಕಫೀಲ್ ಇವನ ಹೆಂಡತಿ. ಆಕೆಗೆ ಪಿರಮಿಡ್ ನೋಡಬೇಕಾಗಿದೆ. ಇವನನ್ನೂ ಜೊತೆಗೆ ಕರೆತರಲು ಆಕೆ ದೊಡ್ಡ ಮನಸ್ಸಿನಿಂದ ಅನುಮತಿ ಕೊಟ್ಟಿದ್ದಾಳೆ. ಕಳೆದುಹೋದರೆ ದಯವಿಟ್ಟು ಆಕೆಗೇ ಒಪ್ಪಿಸಿ."

ಪೊಲೀಸಿನವ ಪತ್ರ ಮಡಚಿ, ನನಗೆ ಕೊಡದೆ ಅವಳ ಕೈಗೆ ಕೊಟ್ಟ. ಅದು ಈಗಲೂ ಅವಳ ಬೀರುವಿನಲ್ಲಿದೆ. ಕೊನೆಯ ತಾರೀಖು ಹಾಕಿಲ್ಲ, ಹಾಗಾಗಿ ಇನ್ನೂ ಚಾಲ್ತಿಯಲ್ಲಿದೆ ಎನ್ನುತ್ತಾಳೆ.