ಮೆಡಿಟರೇನಿಯನ್ನಿನಲ್ಲಿ ಒಂದು ಹ್ವಾಯ್

ನಾನೂ ನಮ್ಮನೆಯವರೂ ಜೊತೆಯಾಗಿ ಹೊರಟರೆ ಏನಾದರೊಂದು ಎಡವಟ್ಟು ಆಗಲೇಬೇಕು. ಬ್ರಹ್ಮಾವರದ ನನ್ನ ತವರಿಗೆ ಬಸ್ಸು ಹತ್ತಿದರೂ ಆಗುತ್ತದೆ. ಇನ್ನು ಮೆಡಿಟರೇನಿಯನ್ ಸಮುದ್ರ ನಮ್ಮನ್ನು ಬಿಟ್ಟೀತೆ?

ನಮ್ಮನೆಯವರು ತಲ್ಲೂರಿನ ಹೆದ್ದಾರಿ ಬದಿಯಲ್ಲಿ ಮೂವತ್ತೆಂಟು ವರ್ಷ ಹೋಟೆಲ್ ನಡೆಸಿದವರು. ಹೋದ ವರ್ಷ ಬಿ.ಪಿ. ಏರಿ ದೋಸೆಕಲ್ಲಿನ ಪಕ್ಕದಲ್ಲೇ ಕುಸಿದರು. ನನ್ನ ಜೀವ ಬಾಯಿಗೆ ಬಂದಿತ್ತು. ಕುಂದಾಪುರದಲ್ಲಿ ಡಾಕ್ಟರಾಗಿರುವ ಮಗಳು ಹೋಟೆಲಿಗೆ ಬೇರೆಯವರನ್ನು ನಿಲ್ಲಿಸಿ, ನಮಗೆ ಕ್ರೂಸ್ ಹಡಗಿನ ಟಿಕೆಟ್ ಮಾಡಿಸಿದಳು. ಹೊರಡುವಾಗ ನನ್ನ ಕೈ ಹಿಡಿದು, "ಅಮ್ಮಾ, ಒಂದೇ ಒಂದ್ ದಿನ ಅಪ್ಪ ಸುಮ್ನೆ ಕೂಕಣ್ಕ್. ಅಷ್ಟ್ ಮಾಡ್" ಎಂದಳು. ಸುಮ್ಮನೆ ಕೂರಿಸುತ್ತೇನೆ ಎಂದು ನಾನು ಮಾತು ಕೊಟ್ಟೆ. ಬುದ್ಧಿ ಇರಲಿಲ್ಲ ನನಗೆ.

ವಿಶ್ರಾಂತಿಯ ದಿನ

ನಾಲ್ಕನೇ ದಿನ ಹಡಗು ಯಾವ ಊರಿಗೂ ತಾಗುವುದಿಲ್ಲ, ಇಡೀ ದಿನ ಕಡಲ ಮೇಲೆ ವಿಶ್ರಾಂತಿ ಎಂದು ಕೋಣೆಗೆ ಚೀಟಿ ಬಂತು. ನನಗೆ ಹಾಲು ಕುಡಿದಷ್ಟು ಖುಷಿ. ನಮ್ಮನೆಯವರು ಅದನ್ನು ಎರಡು ಸಲ ಓದಿ ಗಾಬರಿಯಾದರು. "ಕಡ್ಲಿಗ್ ಹೋಪುದ್ ಮೀನ್ ಹಿಡುಕೆ. ಸುಮ್ನೆ ಕೂಕಂಬುಕೆ ಯಾರ್ ಹೋತ್ರ್?" ಎಂದು ನನ್ನನ್ನೇ ಕೇಳಿದರು.

ಗದರಿಸಿ, ಮೇಲಿನ ಡೆಕ್ಕಿನಲ್ಲಿ ಒರಗುಕುರ್ಚಿಯ ಮೇಲೆ ಕೂರಿಸಿದೆ. ಹನ್ನೊಂದು ನಿಮಿಷ ಕೂತರು. ಆಮೇಲೆ ಎದ್ದು, ಕುರ್ಚಿಗಳು ಅಡ್ಡಾದಿಡ್ಡಿ ಇವೆ, ಗಿರಾಕಿ ಬಂದರೆ ಎಂತ ಅಂದ್ಕಂಬುದು ಎನ್ನುತ್ತಾ ಎಲ್ಲವನ್ನೂ ಎಳೆದೆಳೆದು ಸಾಲಾಗಿ ಜೋಡಿಸಿದರು. ಅದರಲ್ಲೊಂದು ಕುರ್ಚಿಯಲ್ಲಿ ಜರ್ಮನಿಯವನೊಬ್ಬ ನಿದ್ದೆ ಮಾಡುತ್ತಿದ್ದ.

ಚಾ

ಸಿಟ್ಟು ಬಂದು ಅವರನ್ನು ತಿಂಡಿಗೆ ಕರೆದುಕೊಂಡು ಹೋದೆ. ಅಲ್ಲಿ ದೋಸೆಯ ಕೌಂಟರೂ ಇತ್ತು. ಮಾಡುವವನು ಬೈಂದೂರಿನ ಹುಡುಗ ಎಂದು ಗೊತ್ತಾಗಿ ಇವರಿಗೆ ಸಂಭ್ರಮ. ಆದರೆ ದೋಸೆ ಬಾಯಿಗಿಟ್ಟ ಕೂಡಲೇ ಮುಖ ಹುಳ್ಳಗಾಯಿತು. ಹಿಟ್ಟು ಹುಳಿ ಬಂದಿಲ್ಲ, ಕಲ್ಲು ಕಾದಿಲ್ಲ ಎಂದು ಗೊಣಗಿದರು. ನಿಮಗೆಂತಕ್ಕೆ ಅದು, ಸುಮ್ಮನೆ ತಿನ್ನಿ ಎಂದೆ.

ಚಾ ತರಿಸಲು ಇವರು ಹೋಟೆಲಿನ ದನಿಯಲ್ಲೇ "ಹ್ವಾಯ್" ಎಂದರು. ನಮ್ಮಲ್ಲಿ ಯಾರನ್ನು ಕರೆಯಬೇಕಾದರೂ ಹ್ವಾಯ್. ನಾನು ಅವರನ್ನು ಕರೆಯುವುದೂ ಹಾಗೆಯೇ. ಫಿಲಿಪೀನ್ಸಿನ ವೇಟರ್ ಬೆಚ್ಚಿಬಿದ್ದು ಬಂದ. ಬಿಸಿ ಹಾಲು ಮುಗಿದಿತ್ತು, ಅದಕ್ಕೆ ತಡವಾಯಿತು ಎಂದು ಇಂಗ್ಲಿಷಿನಲ್ಲಿ ಸಮಜಾಯಿಷಿ ಕೊಟ್ಟ. ಇವರು ಮತ್ತೆ ಹ್ವಾಯ್ ಎಂದರು. ಅಡುಗೆಯವರು ಕಡಿಮೆ ಇದ್ದಾರೆ ಎಂದ. ಮೂರನೇ ಹ್ವಾಯ್‌ಗೆ ಅವನ ಕಣ್ಣಲ್ಲಿ ನೀರು. ಆಗ ನನಗೆ ಹೊಳೆಯಿತು, ಪಾಪ, ಅವನ ಕಿವಿಗೆ ಬೀಳುತ್ತಿದ್ದದ್ದು ಇಂಗ್ಲಿಷಿನ 'ವೈ', ಯಾಕೆ ಎಂಬ ಪ್ರಶ್ನೆ!

ಕೋಣೆಯಲ್ಲಿ ಮಂಗ

ಕೋಣೆಯ ಬಾಗಿಲು ತೆಗೆದವಳು ಕಿಟಾರನೆ ಕಿರುಚಿದೆ. ಮಬ್ಬುಬೆಳಕಿನಲ್ಲಿ ಒಂದು ಬಿಳೀ ಮಂಗ ನೇತಾಡುತ್ತಿತ್ತು. ದೀಪ ಹಾಕಿ ನೋಡಿದರೆ ಟವೆಲ್ಲು. ಕೋಣೆ ಗುಡಿಸುವವನು ನಮ್ಮ ಖುಷಿಗೆಂದು ಮಡಚಿ ತೂಗುಹಾಕಿದ್ದನಂತೆ. ಇವರು ಅದನ್ನು ಬಿಚ್ಚಿ, ಹೇಗೆ ಮಡಚಿದ್ದು ಎಂದು ಕಲಿಯಲು ಕೂತರು. ಕೂತರಲ್ಲ, ಅಷ್ಟೇ ಸಾಕೆಂದು ನಾನು ಮಲಗಿದೆ.

ಎದ್ದು ನೋಡುತ್ತೇನೆ, ಇವರಿಲ್ಲ. ಇವರ ಜಾಗದಲ್ಲಿ, ಇವರ ಕನ್ನಡಕ ಹಾಕಿಕೊಂಡು, ಹಾಸಿಗೆಯ ಮೇಲೆ ಕೂತಿತ್ತು ಟವೆಲ್ಲಿನ ಮಂಗ. ಇಡೀ ಹಡಗಿನಲ್ಲಿ ವಿಶ್ರಾಂತಿ ತೆಗೆದುಕೊಂಡದ್ದು ಅದೊಂದೇ.

ಮೈಕು

ನಗು ಬಂದದ್ದು ಈಗ. ಆಗ ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದೆ. ಕನ್ನಡಕವಿಲ್ಲದೆ ಅವರಿಗೆ ಮೆಟ್ಟಿಲು ಕಾಣುವುದಿಲ್ಲ. ಬಿ.ಪಿ. ಬೇರೆ. ಸುತ್ತ ನೀರು. ಡೆಕ್ಕು, ಲಿಫ್ಟು, ಈಜುಕೊಳ, ಎಲ್ಲ ಹುಡುಕಿದೆ. ಮಗಳಿಗೆ ಯಾವ ಬಾಯಲ್ಲಿ ಹೇಳಲಿ ಎಂದು ಅಳು ಬಂತು.

ಕೆಳಗೆ ಸ್ವಾಗತದ ಮೇಜಿನ ಹುಡುಗಿ ಪಾಸ್‌ಪೋರ್ಟಿನ ಹೆಸರನ್ನು ಮೈಕಿನಲ್ಲಿ ಕೂಗಿದಳು. ಅವಳ ಬಾಯಲ್ಲಿ ಅದು ಯಾವುದೋ ಔಷಧದ ಹೆಸರಿನ ಹಾಗೆ ಕೇಳಿತು. ಎರಡು ಸಲ, ಮೂರು ಸಲ. ಯಾರೂ ಬರಲಿಲ್ಲ. ನಾನು ತಡೆಯಲಾರದೆ ಮೈಕು ಕಸಿದುಕೊಂಡೆ.

"ಹ್ವಾಯ್! ಎಲ್ ಹೋಯ್ರಿ? ಹ್ವಾಯ್!"

ಹಡಗಿನ ಸಂಗೀತವೇ ನಿಂತಿತು. ಮೊದಲು ಬಂದದ್ದು ಇಂಗ್ಲೆಂಡಿನ ಅಜ್ಜಿಯೊಬ್ಬಳು. ನನ್ನ ಭುಜ ಸವರಿ, ಈ ವಯಸ್ಸಿನಲ್ಲಿ ತಾನೂ ದೇವರನ್ನು ಕೇಳುವುದು ಅದೊಂದೇ ಪ್ರಶ್ನೆ ಎಂದಳು.

ಅವಳ ಹಿಂದೆ ಲಿಫ್ಟು ತೆರೆಯಿತು. ಹಡಗಿನ ಸೆಕ್ಯುರಿಟಿ ಅಧಿಕಾರಿ ಬಂದ, ಅವನ ಪಕ್ಕದಲ್ಲಿ ಇವರು. ಸೊಂಟಕ್ಕೆ ಬಿಳಿ ಏಪ್ರನ್ನು, ಕೈಯಲ್ಲಿ ಸಟ್ಟುಗ, ಮೈಯಿಡೀ ಹಿಟ್ಟು. ಮೂರು ದಿನದಿಂದ ಬಾಡಿದ್ದ ಮುಖ ಅರಳಿಹೋಗಿತ್ತು. ಬೈಯಬೇಕೆಂದೇ ಹತ್ತಿರ ಹೋದೆ. ಬಾಯಿಗೆ ಬಂದದ್ದು ಒಂದೇ.

"ಹ್ವಾಯ್..."

ಇವರು ಬಾಯಿ ತೆರೆಯುವ ಮೊದಲೇ ಅಧಿಕಾರಿ ಅಟೆನ್ಷನ್ ನಿಂತು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ.

"ಬಿಕಾಸ್, ಮೇಡಂ, ನಮ್ಮ ಹಡಗಿನ ದೋಸೆ ಇವರಿಗೆ ಸರಿಬರಲಿಲ್ಲವಂತೆ."