ಐರ್ಲೆಂಡಿನ ದೊರೆ

ದೊರೆಯ ಪಾತ್ರ ರಘೋತ್ತಮನಿಗೆ ಸಿಗಲಿಲ್ಲ, ಪಕ್ಕದ ಮನೆಯ ಐರಿಶ್ ಮನುಷ್ಯ ಡೆಕ್ಲನ್‌ಗೆ ಸಿಕ್ಕಿತು. ತೊಂದರೆಯೆಲ್ಲ ಅಲ್ಲಿಂದಲೇ ಶುರು.

ಅಮೆರಿಕದ ಮಿಲ್ಪಿಟಾಸಿನ ಕನ್ನಡ ಸಂಘಕ್ಕೆ ನಾಟಕ ಬರೆದುಕೊಟ್ಟವನೂ ಡೆಕ್ಲನ್ನೇ. ಕಥೆ ಅವನ ನಾಡಿನದು. ಹಿಂದೆ ಐರ್ಲೆಂಡನ್ನು ಆಳಲು ಬಂದ ಇಂಗ್ಲಿಷ್ ದೊರೆಗಳು ಅಲ್ಲಿಯ ಮಾತು ಕಲಿತು, ಅಲ್ಲಿಯವರಂತೆ ಕೂದಲು ಬಿಟ್ಟು, ಅಲ್ಲಿಯ ಹೆಣ್ಣು ತಂದು ಅವರೇ ಆಗಿಹೋದರಂತೆ. ಸರ್ಕಾರ ಹೆದರಿ ಕಾಯ್ದೆ ಮಾಡಿತಂತೆ: ಐರಿಶ್ ಮಾತಾಡಿದ ಇಂಗ್ಲಿಷಿನವನ ಜಮೀನು ಜಪ್ತಿ.

ಡೆಕ್ಲನ್‌ಗೆ ಕನ್ನಡ ಕಲಿಸಿದವಳು ರಘೋತ್ತಮನ ಹೆಂಡತಿ ನೀಲಾಬಾಯಿ. "ಎಷ್ಟು ಸ್ವಚ್ಛ ಮಾತಾಡ್ತಾರ ನೋಡ್ರಿ" ಎಂದು ಅವಳು ಅಂದಾಗಲೆಲ್ಲ ಗಂಡನ ಹೊಟ್ಟೆಯೊಳಗೆ ಮೆಣಸಿನಕಾಯಿ ಹುರಿದಂತಾಗುತ್ತಿತ್ತು.

ಭಾನುವಾರದ ತಾಲೀಮಿನಲ್ಲಿ ರಘೋತ್ತಮ ಎದ್ದು ನಿಂತ. "ದಾನಕ್ಕಾರ, ನಾವೂ ಒಂದು ಕಾಯ್ದೆ ಮಾಡೋಣು. ಇಲ್ಲೆ ಯಾರ ಬಾಯಾಗ ಇಂಗ್ಲಿಷ್ ಶಬ್ದ ಬರ್ತದೋ ಅವರ ಪಾತ್ರ ಹೋತು."

"ಆತು ತಮ್ಮಾ" ಎಂದಳು ನಾಟಕ ಕಲಿಸುವ ದಾನವ್ವ.

ತನ್ನ ಬಾಯಿಂದಲೇ ಮೀಟಿಂಗು, ಪಾರ್ಕಿಂಗು ನುಸುಳೀತೆಂದು ರಘೋತ್ತಮ ತುಟಿ ಹೊಲಿದುಕೊಂಡವನಂತೆ ಕೂತ. ಬೆಕ್ಕು ಹಾಲಿನ ಪಾತ್ರೆ ಕಾದಂತೆ ಡೆಕ್ಲನ್‌ನ ಬಾಯಿ ಕಾದ. ತಾಳಲಾರದೆ ಮೈಕಿನತ್ತ ಬೆರಳು ತೋರಿಸಿ, ಇದಕ್ಕೇನಂತಾರೆ ಎಂಬಂತೆ ಹುಬ್ಬು ಹಾರಿಸಿದ.

"ಧ್ವನಿವರ್ಧಕ, ರಘಣ್ಣಾ" ಎಂದ ಡೆಕ್ಲನ್.

ಇನ್ನು ಉಳಿದದ್ದು ಒಂದೇ ದಾರಿ. ಸಿಂಹಾಸನ ಸರಿಸುವ ನೆಪದಲ್ಲಿ ರಘೋತ್ತಮ ಅದನ್ನು ಡೆಕ್ಲನ್‌ನ ಪಾದದ ಮೇಲೇ ಇಳಿಸಿದ. ಡೆಕ್ಲನ್ ಒಂಟಿಕಾಲಲ್ಲಿ ಕುಣಿಯುತ್ತ ಏನೋ ಕಿರುಚಿದ.

"ಔಟ್! ಇಂಗ್ಲಿಷ್‌ದಾಗ ಬೈದ!"

"ಅದು ನಮ್ಮ ಐರಿಶ್ ಬೈಗುಳ, ರಘಣ್ಣಾ."

"ಔಟ್ ಅನ್ನೂದು ಯಾವ ಭಾಷಾನೋ ತಮ್ಮಾ?" ದಾನವ್ವ ಮೆಲ್ಲಗೆ ಕೇಳಿದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ನೀಲಾಬಾಯಿ. ರಘೋತ್ತಮನಿಗಿದ್ದ ಕುರಿಕಾಯುವವನ ಪಾತ್ರವೂ ಹೋಯಿತು.

ಅಷ್ಟರಲ್ಲಿ ಡೆಕ್ಲನ್‌ನ ಪಾದ ಬಾತು ಕುಂಬಳಕಾಯಿಯಾಗಿತ್ತು. "ನನಗ ನಿಲ್ಲಲಿಕ್ಕೆ ಆಗೂದಿಲ್ಲ, ದಾನಕ್ಕಾರ. ರಘಣ್ಣನೇ ದೊರೆ ಆಗಲಿ. ಕಾಯ್ದೆ ಮಾಡಿ ತಾವೇ ಮುರಿಯೋದು ದೊರೆಗಳ ಗುಣಾನೇ ಅದ."

ದಾನವ್ವ ಒಪ್ಪಿದಳು. ರಘೋತ್ತಮ ಪೂರಿಯಂತೆ ಉಬ್ಬಿ ಸಿಂಹಾಸನ ಏರಿದ. "ನನ್ನ ಮಾತು ಭಾಳ ಅವ ಏನು?"

"ಭಾಳ ಅವ" ಎಂದ ಡೆಕ್ಲನ್. "ಅರ್ಧ ನಾಟಕ ಆದಮ್ಯಾಲೆ ದೊರೆ ಬರೇ ಐರಿಶ್ ಮಾತಾಡ್ತಾನ. ದಿನಾ ಸಂಜಿಗೆ ನಮ್ಮ ಮನೀಗೆ ಬರ್ರಿ, ಅ ಆ ಇ ಈ ಇಂದ ಕಲಿಸ್ತೀನಿ."

ನೀಲಾಬಾಯಿ ಡೆಕ್ಲನ್‌ನ ಕಾಲಿಗೆ ಐಸು ಒತ್ತುತ್ತ ಅಂದಳು: "ಮಾಸ್ತರ, ಇವರಿಗೆ ತಿಳಿಯೂದು ಸ್ವಲ್ಪ ತಡ. ಬೈಬ್ಯಾಡ್ರಿ."