ಕೆಂಪಣ್ಣನವರು ಹಾಕಿದ ಗುಡಿಸು

ಈ ಸೀಮೆಯ ಹಳ್ಳಿಹಳ್ಳಿಯಲ್ಲಿ ಬಾಗಿಲು ತೆರೆದು ಕೂತಿರುವ ಪುಟಾಣಿ ಮ್ಯೂಸಿಯಂಗಳನ್ನೆಲ್ಲ ಒಂದೊಂದಾಗಿ ಹೊಕ್ಕು, ಅಲ್ಲಿನ ತಪ್ಪುಗಳನ್ನು ಜಾಲಾಡಿ, ಅವುಗಳ ಮರ್ಯಾದೆಯನ್ನು ಪತ್ರಿಕೆಯಲ್ಲಿ ಹರಾಜು ಹಾಕಿಯೇ ತೀರುತ್ತೇನೆ ಎಂದು ಕೆಂಪಣ್ಣನವರು ಘೋಷಿಸಿದಾಗ ಅವರು ನಿವೃತ್ತರಾಗಿ ಸರಿಯಾಗಿ ಹನ್ನೊಂದು ದಿನವಾಗಿತ್ತು. ಘೋಷಣೆ ನಡೆದದ್ದು ಅಡುಗೆಮನೆಯಲ್ಲಿ. ಕೇಳಿಸಿಕೊಂಡದ್ದು ಅವರ ಹೆಂಡತಿ ಮತ್ತು ಒಂದು ಮಿಕ್ಸಿ.

ಕೆಂಪಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕೆಂಪು ಪೆನ್ನು ತಂದುಕೊಟ್ಟ ಹೆಸರು. ಒಂದು ವಾರಪತ್ರಿಕೆಯಲ್ಲಿ ಮೂವತ್ತೆರಡು ವರ್ಷ ಪ್ರೂಫ್ ತಿದ್ದಿದ ಮಹಾನುಭಾವರು ಅವರು. ಅವರ ಕಣ್ಣು ತಪ್ಪಿಸಿ ಒಂದು ಅಲ್ಪವಿರಾಮವೂ ಅಚ್ಚಿಗೆ ಹೋದದ್ದಿಲ್ಲ. ಮದುವೆಯ ಕರೆಯೋಲೆ ಕೈಗೆ ಬಂದರೆ ಮೊದಲು ಅದನ್ನು ತಿದ್ದಿ, ಆಮೇಲೆ ಮದುವೆಗೆ ಹೋಗಬೇಕೋ ಬೇಡವೋ ಎಂದು ಯೋಚಿಸುವ ಆಸಾಮಿ. ಇಷ್ಟಾದರೂ ಪತ್ರಿಕೆಯಲ್ಲಿ ಅವರ ಹೆಸರು ಬಂದದ್ದು ಒಂದೇ ಸಲ, ನಿವೃತ್ತಿಯ ಸುದ್ದಿಯಲ್ಲಿ. ಆ ಹೊತ್ತು ಅವರು ಬೀಳ್ಕೊಡುಗೆಯ ಭಾಷಣ ಕೇಳುತ್ತ ಕೂತಿದ್ದರಿಂದ ಸುದ್ದಿಯನ್ನು ತಿದ್ದುವವರಿರಲಿಲ್ಲ. ಹೆಸರು ತಪ್ಪಾಗಿ ಅಚ್ಚಾಯಿತು. ಆ ಸಂಕಟ ಇನ್ನೂ ಹಸಿಯಾಗಿತ್ತು. ಅವರ ಕಾಟ ತಾಳಲಾರದೆ ಸಂಪಾದಕರು ಒಂದು ಅಂಕಣ ಕೊಡಲು ಒಪ್ಪಿದ್ದರು. ಮೊದಲ ಬರಹ ಗುರುವಾರ ಸಂಜೆ ನಾಲ್ಕರೊಳಗೆ ತಲುಪಬೇಕು, ಜನ ಮೆಚ್ಚಿದರೆ ಮುಂದಿನದು. ತಲೆಬರಹದ ಕೆಳಗೆ ತಮ್ಮ ಹೆಸರು, ಸರಿಯಾದ ಕಾಗುಣಿತದಲ್ಲಿ. ಕೆಂಪಣ್ಣನವರಿಗೆ ಈ ಜನ್ಮದಲ್ಲಿ ಬೇಕಾಗಿದ್ದದ್ದು ಅಷ್ಟೇ.

ಗುರುವಾರ ಬೆಳಗ್ಗೆ ದಂಡಯಾತ್ರೆ ಹೊರಟಿತು. ಕಾರು ಓಡಿಸಿದವರು ಹೆಂಡತಿ. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದ ಅವರನ್ನು ಊರೆಲ್ಲ ಟೀಚರ್ ಎಂದು ಕರೆಯುತ್ತಿತ್ತು, ಗಂಡನಿಗೂ ಅದೇ ರೂಢಿಯಾಗಿತ್ತು. ಕೆಂಪಣ್ಣನವರ ಕೈಗೆ ಸ್ಟಿಯರಿಂಗ್ ಕೊಡುವ ಹಾಗಿರಲಿಲ್ಲ. ಅಂಗಡಿ ಬೋರ್ಡುಗಳ ತಪ್ಪು ಎಣಿಸುತ್ತ ಹೋಗಿ ಒಮ್ಮೆ ಹಾಲಿನ ವ್ಯಾನಿಗೆ ಗುದ್ದಿದ್ದರು.

ಮೊದಲ ಮ್ಯೂಸಿಯಂ ಒಂದು ಹಳೆಯ ಗೋದಾಮು. ಒಳಗೆ ಒಂದು ಮರದ ಚಕ್ರ, ಮುರಿದ ಬೆಂಚು, ಮೂಲೆ ತುಂಬ ಜೇಡರ ಬಲೆ. ಇದರಲ್ಲಿ ಪ್ರದರ್ಶನಕ್ಕೆ ಇಟ್ಟದ್ದು ಯಾವುದು, ತಾನಾಗಿ ಬಂದದ್ದು ಯಾವುದು ಎಂದು ಹೇಳುವುದು ಕಷ್ಟವಿತ್ತು. ಚಕ್ರದ ಮುಂದೆ ‘ದೊರೆಯ ಗಾಡಿಯ ಗಾಳಿ’ ಎಂದು ಬರೆದಿದ್ದರು. ಗಾಲಿಯನ್ನು ಗಾಳಿ ಮಾಡಿದ ಮಹಾಪಂಡಿತ ಯಾರೋ ಎಂದು ಮೂಗು ಮುರಿದು ಕೆಂಪಣ್ಣನವರು ಪೆನ್ನು ತೆಗೆದರು. ಎರಡನೆಯದು ಕೋಟೆ. ಕೋಟೆ ಎಂದರೆ ಒಂದು ಮೋಟು ಗೋಡೆ, ಅದರ ನೆರಳಿನಲ್ಲಿ ಎರಡು ಆಡು. ಫಲಕದ ಮೇಲೆ ‘ಇಲ್ಲಿಂದ ದೊರೆಯು ಹತ್ತು ವರ್ಷ ಅಳಿದನು’ ಎಂದಿತ್ತು. ಸಾಯುವುದಕ್ಕೆ ಹತ್ತು ವರ್ಷ ತೆಗೆದುಕೊಂಡ ದೊರೆ ಎಂಥ ಸೋಮಾರಿಯೋ ಎಂದು ಕೆಂಪಣ್ಣನವರು ಆಡುಗಳು ಬೆದರುವಂತೆ ನಕ್ಕು, ‘ಅ’ಕಾರಕ್ಕೆ ದೀರ್ಘ ಎಳೆದು, ಸತ್ತವನನ್ನು ಮತ್ತೆ ಸಿಂಹಾಸನದ ಮೇಲೆ ಕೂರಿಸಿದರು.

ಹೀಗೆ ಎರಡು ಗೆಲುವು ತಲೆಗೇರಿದ ಮೇಲೆ, ಮಧ್ಯಾಹ್ನ ಮೂರರ ಹೊತ್ತಿಗೆ ಮೂರನೆಯ ಊರು ಸಿಕ್ಕಿತು. ಇಲ್ಲಿಯ ಮ್ಯೂಸಿಯಂ ಟೈಲರ್ ಅಂಗಡಿಗೆ ಅಂಟಿಕೊಂಡ ಒಂದು ಕೋಣೆ. ಟೈಲರು ಕೊರಳಿನ ಟೇಪು ಸರಿಸಿ, ಗುಂಡಿಗಳ ಡಬ್ಬಿಯಿಂದ ಬೀಗದ ಕೈ ಹುಡುಕಿ ಕೊಟ್ಟರು. ಒಂದು ಪ್ಯಾಂಟಿನ ಜಿಪ್ಪು ಬಾಕಿ ಇದೆ, ಮುಗಿಸಿ ಬಂದು ಎಲ್ಲ ವಿವರಿಸುತ್ತೇನೆ, ಅಲ್ಲಿವರೆಗೆ ನೋಡುತ್ತಿರಿ ಎಂದರು.

ಕೋಣೆಯಲ್ಲಿ ಇದ್ದದ್ದು ಒಂದೇ ಮೇಜು. ಮೇಜಿನ ಮೇಲೆ ಗಾಜಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಮೊಳದುದ್ದದ, ತುದಿ ಚೂಪಾದ, ತುಕ್ಕು ಹಿಡಿದ ಕಬ್ಬಿಣದ ತುಂಡು, ಒಂದು ಹುರಿಹಗ್ಗ, ಒಂದು ಗಂಟೆ. ಪೆಟ್ಟಿಗೆಯ ಮುಂದೆ ಬಿಳಿ ಬಟ್ಟೆಯ ಮೇಲೆ ನೀಲಿ ದಾರದಲ್ಲಿ ದಪ್ಪದಪ್ಪಗೆ ಹೊಲಿದಿದ್ದರು: ‘ನಮ್ಮ ಊರು ಉಳಿಸಿದ ಕತ್ತೆ’.

ಕೆಂಪಣ್ಣನವರು ಗಾಜಿಗೆ ಮೂಗು ತಾಗಿಸಿ ನೋಡಿದರು. ಇಂಥ ತಪ್ಪು ಮೂವತ್ತೆರಡು ವರ್ಷದಲ್ಲಿ ಕೈಗೆ ಸಿಕ್ಕಿರಲಿಲ್ಲ. ಊರನ್ನು ಕಾದ ವೀರಖಡ್ಗವನ್ನು ಕತ್ತೆ ಮಾಡಿ ಕೂರಿಸಿದ್ದಾರಲ್ಲ! ಹಗ್ಗವೆಂದರೆ ಒರೆಯನ್ನು ಸೊಂಟಕ್ಕೆ ಬಿಗಿಯುತ್ತಿದ್ದ ಹಗ್ಗ, ಗಂಟೆಯೆಂದರೆ ಯುದ್ಧದ ಗಂಟೆ ಎಂದು ಅಲ್ಲೇ ಇತಿಹಾಸ ರಚಿಸಿ, ಪೆನ್ನಿನ ಮುಚ್ಚಳ ತೆಗೆದರು.

ಟೀಚರ್ ಅಡ್ಡ ಬಂದರು. “ಅವರು ಬರ್ತಾರಲ್ಲ, ಒಂದು ಮಾತು ಕೇಳಿಬಿಡಿ.”

“ತಪ್ಪು ಮಾಡಿದೋರನ್ನೇ ಕೇಳಿ ತಿದ್ದಿದ್ರೆ ನಾನು ಮೂವತ್ತೆರಡು ವರ್ಷ ಯಾಕೆ ಬೇಕಾಗಿತ್ತು?” ಎಂದು ಕೆಂಪಣ್ಣನವರು ‘ತ್ತೆ’ಯ ಎತ್ವವನ್ನು ಕೆಂಪು ಗೀಟಿನಿಂದ ಹೊಡೆದು, ಮೇಲೆ ದುಂಡಗೆ ಒಂದು ಗುಡಿಸು ಹಾಕಿದರು. ಬಟ್ಟೆ ಇಂಕನ್ನು ಚೆನ್ನಾಗಿ ಕುಡಿಯಿತು.

“ಊರೂರಿಗೆ ಹೋಗಿ ಗುಡಿಸು ಹಾಕ್ತೀರಿ,” ಎಂದರು ಟೀಚರ್. “ಮನೇಲಿ ಒಂದು ದಿನ ಗುಡಿಸಿದ್ದು ಕಾಣೆ.”

ಕೆಂಪಣ್ಣನವರು ಗಡಿಯಾರ ನೋಡಿಕೊಂಡರು. ಗಂಟೆ ಮೂರೂವರೆ. ಪತ್ರಿಕೆಯ ಆಫೀಸಿಗೆ ಫೋನು ಹಚ್ಚಿ, ಕಂಪ್ಯೂಟರಿನ ಮುಂದೆ ಕೂತವನಿಗೆ ನಿಂತಲ್ಲೇ ಬರಹ ಹೇಳಿ ಬರೆಸಿದರು. ತಲೆಬರಹ, ‘ಕತ್ತಿಗೂ ಕತ್ತೆಗೂ ಭೇದ ಅರಿಯದ ಊರು’. ಒಳಗೆ ಒಂದೊಂದು ಸಾಲೂ ಮೆಣಸಿನಕಾಯಿ. ಈ ಊರಿನ ಪೂರ್ವಿಕರು ಕತ್ತಿ ಹಿಡಿದು ಹೋರಾಡಿದರಂತೆ, ಮೊಮ್ಮಕ್ಕಳಿಗೆ ಆ ಕತ್ತಿಯ ಹೆಸರು ಬರೆಯಲೂ ಬಾರದು. ಓದಿದವರು ಒಬ್ಬರಾದರೂ ಇದ್ದಿದ್ದರೆ ಊರಿನ ಮಾನ ಹೀಗೆ ಗಾಜಿನ ಪೆಟ್ಟಿಗೆಯಲ್ಲಿ ಬಿದ್ದಿರುತ್ತಿರಲಿಲ್ಲ ಎಂದೆಲ್ಲ ಹೇಳಿ ಬರೆಸಿ, ಕೊನೆಗೆ ತಮ್ಮ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಎರಡು ಸಲ ಹೇಳಿದರು. ಫೋನಿಟ್ಟಾಗ ಅವರ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತ್ತು.

ಅಷ್ಟರಲ್ಲಿ ಟೈಲರು ಬಂದರು. ಬಾಗಿಲಲ್ಲೇ ನಿಂತು, ಕಥೆ ಎಲ್ಲಿಂದ ಶುರು ಮಾಡಲಿ ಎನ್ನುವಂತೆ ಕೈ ಒರೆಸಿಕೊಂಡರು. ಊರ ಮೇಲ್ಗಡೆ ಒಂದು ಕೆರೆಯಿತ್ತಂತೆ. ಅವರ ತಾತನ ಕಾಲದಲ್ಲಿ ಒಂದು ದಿನ ಮೂಟೆ ಹೊತ್ತಿದ್ದ ಕತ್ತೆಯೊಂದು ಕೆರೆ ಏರಿಯ ಮೇಲೆ ಹೆಜ್ಜೆ ಇಡಲಾರೆ ಎಂದು ಏರಿಯ ಈಚೆಗಿನ ದಿಣ್ಣೆಯ ಮೇಲೆಯೇ ಕೂತುಬಿಟ್ಟಿತು. ಕೂತದ್ದಲ್ಲದೆ ಅರಚಿಕೊಂಡಿತು. ಅಲ್ಲೇ ಕಟ್ಟಿಹಾಕಿದರೆ ಗೂಟ ಕಿತ್ತಿತು, ಮತ್ತೆ ಅರಚಿತು. ಊಟಕ್ಕೆ ಕೂತಿದ್ದ ಊರೆಲ್ಲ ಕೆಟ್ಟ ಕೋಪದಲ್ಲಿ ದೊಣ್ಣೆ ಹಿಡಿದು, ಮಕ್ಕಳುಮರಿ ಸಮೇತ ಅದನ್ನು ಹೊಡೆಯಲು ದಿಣ್ಣೆ ಹತ್ತಿತು. ಹತ್ತಿ ನಿಂತಿರುವಾಗಲೇ ಏರಿ ಒಡೆದು, ಕೆಳಗಿನ ಮನೆಗಳೆಲ್ಲ ಕೊಚ್ಚಿಹೋದವು.

“ಹೊಡೆಯೋಕೆ ಬಂದೋರೆಲ್ಲ ಬದುಕಿದ್ರು ಸಾರ್,” ಎಂದರು ಟೈಲರು. “ಒಂದು ಜೀವ ಹೋಗ್ಲಿಲ್ಲ. ಇದು ಅದನ್ನ ಕಟ್ಟಿದ್ದ ಗೂಟ. ಇದು ಹಗ್ಗ. ಅದರ ಕೊರಳಿನ ಗಂಟೆ ಇದು.”

ಆಗ ಅವರ ಕಣ್ಣು ಬಟ್ಟೆಯ ಮೇಲೆ ಬಿತ್ತು. ಸಿಟ್ಟಾಗುತ್ತಾರೆ ಎಂದು ಟೀಚರ್ ಕಾದರು. ಟೈಲರು ಸಿಟ್ಟಾಗಲಿಲ್ಲ. ಬಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದು, ಬೆರಳಿಗೆ ಉಗುಳು ಹಚ್ಚಿ ಕೆಂಪು ಗುಡಿಸನ್ನು ಉಜ್ಜಿದರು. ಅದು ಹೋಗುವ ಬದಲು ಇನ್ನಷ್ಟು ಹರಡಿತು.

“ಇದು ನಮ್ಮಮ್ಮ ಹೊಲಿದದ್ದು,” ಎಂದರು. “ಅವರಿಗೆ ಬರೆಯೋಕೆ ಬರ್ತಿದ್ದದ್ದು ಇದೊಂದೇ ಸಾಲು. ಇದನ್ನ ಹೊಲೀಬೇಕು ಅಂತಲೇ ಕಲಿತರು.”

ಕೆಂಪಣ್ಣನವರಿಗೆ ನಿಂತ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಕ್ಷಮಿಸಿ ಎನ್ನುತ್ತ ಕೆಂಪು ಪೆನ್ನನ್ನು ಜೇಬಿನೊಳಗೆ ಅಡಗಿಸಿದರು. ಹೆತ್ತ ತಾಯಿಯ ಸಾಲನ್ನು ಕೆಡಿಸಿದ್ದಲ್ಲದೆ, ಆ ಊರಿನಲ್ಲಿ ಓದಿದವರೇ ಇಲ್ಲ ಎಂದು ಊರೂರಿಗೆ ಸಾರುವ ಬರಹ ಬೇರೆ ಕಳಿಸಿದ್ದಾಗಿತ್ತು. ಗಡಿಯಾರದಲ್ಲಿ ಮೂರು ಐವತ್ತೈದು. ಆಫೀಸಿಗೆ ಫೋನು ಒತ್ತಿದರು. ಬರಹವನ್ನು ಹಾಕಬೇಡಿ, ಪುಟ ಖಾಲಿ ಬಿಟ್ಟರೂ ಸರಿ, ಅಂಕಣವೇ ಬೇಡ ಎಂದು ಒಂದೇ ಉಸಿರಿಗೆ ಅಂದರು.

“ಪುಟ ಆಗಲೇ ಹೋಯ್ತಲ್ಲ ಸಾರ್,” ಎಂದ ಕಂಪ್ಯೂಟರಿನವನು, ಖುಷಿಯಾಗಿ. “ನೀವಿದ್ದಾಗ ತಿದ್ದಿ ತಿದ್ದಿ ಆರು ಗಂಟೆ ಆಗ್ತಿತ್ತು. ಈಗ ಓದಿ ನೋಡೋರೇ ಇಲ್ಲ, ಟೈಮಿಗೆ ಮುಂಚೆ ಹೋಗುತ್ತೆ. ನೀವೇನೂ ಯೋಚನೆ ಮಾಡಬೇಡಿ, ನಿಮ್ಮ ಹೆಸರು ಮಾತ್ರ ನಾನೇ ಮೂರು ಸಲ ನೋಡಿದೀನಿ. ದಪ್ಪಕ್ಷರದಲ್ಲಿದೆ. ಒಂದಕ್ಷರ ತಪ್ಪಿಲ್ಲ.”

ಕೆಂಪಣ್ಣನವರು ಫೋನು ಜೇಬಿಗಿಟ್ಟು ಗೋಡೆಗೆ ಒರಗಿದರು. ಬದುಕಿನಲ್ಲಿ ಮೊದಲ ಸಲ, ಅಚ್ಚಿನಲ್ಲಿ ತಮ್ಮ ಹೆಸರು ತಪ್ಪಾಗಿ ಬಿದ್ದಿದ್ದರೆ ಚೆನ್ನಾಗಿತ್ತಲ್ಲ ಎಂದು ಅವರ ಜೀವ ಹಂಬಲಿಸಿತು. ಆಫೀಸಿನವರು ಏನಂದರೆಂದು ಟೀಚರ್ ಕೇಳಿದರು, ಊರನ್ನು ಹೀಯಾಳಿಸಿದ ಬರಹ ಆಗಲೇ ಅಚ್ಚಿಗೆ ಹೋಯಿತೆಂದು ಅವರು ಹೇಳಿದರು. ಟೈಲರಿಗೂ ಕೇಳಿಸಿತು.

ಮೂವತ್ತು ವರ್ಷ ಲೆಕ್ಕ ತಪ್ಪಿದವರ ಮೇಲೂ ರೇಗದೆ ಪಾಠ ಮಾಡಿದ ಟೀಚರಿಗೆ ಈಗ ತಡೆಯಲಾಗಲಿಲ್ಲ. ಕೈಚೀಲವನ್ನು ಮೇಜಿನ ಮೇಲೆ ಕುಕ್ಕಿ, ಗಂಡನ ಮುಖ ನೋಡಿ, “ಕತ್ತೆ ಕಣ್ರೀ ನೀವು. ಶುದ್ಧ ಕತ್ತೆ,” ಎಂದರು.

ಅಷ್ಟು ಹೊತ್ತು ಒಂದೇ ಒಂದು ಕಟು ಮಾತಾಡದಿದ್ದ ಟೈಲರು ಬಟ್ಟೆಯನ್ನು ಎದೆಗವಚಿಕೊಂಡು, ಬಹಳ ನೊಂದು ಹೇಳಿದರು:

“ಹಾಗನ್ನಬೇಡಿ ಅಮ್ಮ. ನಮ್ಮೂರಲ್ಲಿ ಆ ಮಾತನ್ನ ಕಂಡಕಂಡೋರಿಗೆಲ್ಲ ಬಳಸಲ್ಲ. ಅದಕ್ಕೆ ಯೋಗ್ಯತೆ ಬೇಕು.”